ಕಾಲುಚೀಲ ಎಳೆ ಬಿಡದಂತೆ ಕಾಪಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ನಮ್ಮ ಮನೆಯ ಕಿಟಕಿ ಪಕ್ಕದಲ್ಲಿ ಕುಳಿತು ನಾನು ಕಾಲುಚೀಲ ಹೆಣೆಯುತ್ತೇನೆ. ಹರಿದು ಬಂದವನ್ನು ಸರಿಮಾಡಿಯೂ ಕೊಡುತ್ತೇನೆ. ಜೂನ್‌ನಿಂದ ಮಳೆ, ಡಿಸೆಂಬರಿನಿಂದ ಚಳಿ. ಹೀಗಾಗಿ ನಮ್ಮ ಕೊಡಗಿನಲ್ಲಿ ಕಾಲುಚೀಲಕ್ಕೆ ವರ್ಷದ ಬಹುಭಾಗ ಕೆಲಸವಿದೆ. ಮನೆಗೆ ಬಂದವರು, ಪತ್ರ ಬರೆದವರು, ಫೋನಿನಲ್ಲಿ ವಿಚಾರಿಸಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೆಣಿಗೆ ಬಾರದವರಿಗೆ ಮೊದಲ ಮೂರು ಭಾಗ ಸಾಕು. ಕೊನೆಯ ಭಾಗ ಕಡ್ಡಿ ಹಿಡಿಯುವವರಿಗೆ.

## ಮೊದಲು ತಿಳಿಯಬೇಕಾದದ್ದು

ಅಕ್ಕಾ, ಸಾಸಿವೆಯಷ್ಟು ತೂತು ಬಿದ್ದರೂ ಕಾಲುಚೀಲ ಮಂಡಿಯವರೆಗೆ ಬಿಟ್ಟುಕೊಳ್ಳುತ್ತದೆ. ಅಂಗಿ ಹರಿದರೆ ಹಾಗಾಗುವುದಿಲ್ಲವಲ್ಲ, ಏಕೆ?

ಅಂಗಿಯ ಬಟ್ಟೆ ನೇಯ್ದದ್ದು. ಅಲ್ಲಿ ಉದ್ದದ ನೂಲುಗಳೂ ಅಡ್ಡದ ನೂಲುಗಳೂ ಚಾಪೆಯಂತೆ ಒಂದರ ಮೇಲೊಂದು ಹಾದುಹೋಗುತ್ತವೆ. ಒಂದು ನೂಲು ತುಂಡಾದರೆ ಅಕ್ಕಪಕ್ಕದ ನೂಲುಗಳು ಅದನ್ನು ಒತ್ತಿ ಹಿಡಿದಿರುತ್ತವೆ. ಹರಿದದ್ದು ಹರಿದ ಜಾಗದಲ್ಲೇ ನಿಲ್ಲುತ್ತದೆ.

ಕಾಲುಚೀಲದಲ್ಲಿ ಇರುವುದು ಕುಣಿಕೆಗಳು. ಒಂದೇ ನೂಲು ಸುತ್ತಿ ಸುತ್ತಿ ಸಾಲು ಸಾಲಾಗಿ ಕುಣಿಕೆಯಾಗುತ್ತದೆ. ಪ್ರತಿ ಹೊಸ ಕುಣಿಕೆಯೂ ಹಿಂದಿನ ಸಾಲಿನ ಕುಣಿಕೆಯೊಳಗೆ ತೂರಿ ಬಂದಿರುತ್ತದೆ. ಹಿಂದಿನದು ಜಾರದಂತೆ ಹಿಡಿದಿರುವುದು ಅದರೊಳಗೆ ತೂರಿರುವ ಮುಂದಿನದು. ಆ ಒಂದು ಕುಣಿಕೆ ತುಂಡಾದರೆ ಅದು ಹಿಡಿದಿದ್ದ ಕುಣಿಕೆ ಜಾರುತ್ತದೆ, ಅದು ಜಾರಿದರೆ ಅದರ ಹಿಂದಿನದು. ಕಾಲು ಮಡಚಿದಾಗ, ನಡೆದಾಗ ಬಟ್ಟೆ ಹಿಗ್ಗುತ್ತದೆ. ಪ್ರತಿ ಹೆಜ್ಜೆಗೂ ಒಂದೆರಡು ಕುಣಿಕೆ ಬಿಟ್ಟುಕೊಳ್ಳುತ್ತಾ ಹೋಗುತ್ತದೆ.

ಕಾಲುಚೀಲ ಪಾದಕ್ಕೆ ಒಗ್ಗಿ ಕೂರುವುದೂ ಇದೇ ಕುಣಿಕೆಗಳು ಹಿಗ್ಗುವುದರಿಂದ. ಆ ಗುಣವನ್ನು ಉಳಿಸಿಕೊಂಡೇ ಕಾಪಾಡುವ ದಾರಿ ಹುಡುಕಬೇಕು.

ಎಳೆ ಬಿಡುವುದು, ಬಿಚ್ಚಿಕೊಳ್ಳುವುದು ಎರಡೂ ಒಂದೇ ಅಲ್ಲವೇ?

ಅಲ್ಲ. ಎಳೆ ಬಿಡುವುದು ಉದ್ದಕ್ಕೆ ಆಗುವಂಥದ್ದು. ಎಲ್ಲೋ ನಡುವೆ ಒಂದು ಕುಣಿಕೆ ತುಂಡಾಗಿ ಅದೇ ನೇರದಲ್ಲಿರುವ ಕುಣಿಕೆಗಳೆಲ್ಲ ಜಾರುತ್ತವೆ. ಅಡ್ಡ ನೂಲುಗಳು ಮಾತ್ರ ಉಳಿದು ಏಣಿಯ ಮೆಟ್ಟಿಲಿನಂತೆ ಕಾಣುತ್ತವೆ.

ಬಿಚ್ಚಿಕೊಳ್ಳುವುದು ಅಡ್ಡಕ್ಕೆ, ಸಾಲು ಸಾಲಾಗಿ. ನೂಲಿನ ತುದಿಯೊಂದು ಸಡಿಲವಾಗಿ ಹೊರಗೆ ಬಂದರೆ ಎಳೆದಷ್ಟೂ ಬರುತ್ತದೆ. ಕಾಫಿ ಮೂಟೆಯ ಬಾಯಿಗೆ ಹಾಕಿದ ಯಂತ್ರದ ಹೊಲಿಗೆಯನ್ನು ನೆನಪಿಸಿಕೊಳ್ಳಿ. ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಮೂಟೆಯ ಬಾಯಿ ಪೂರ್ತಿ ತೆರೆದುಕೊಳ್ಳುತ್ತದೆ, ಇನ್ನೊಂದು ತುದಿಯಿಂದ ಎಷ್ಟು ಎಳೆದರೂ ಬರುವುದಿಲ್ಲ. ಅದೂ ಕುಣಿಕೆಯೊಳಗೆ ಕುಣಿಕೆ ಹಾಕಿದ ಹೊಲಿಗೆಯೇ.

ಈ ವ್ಯತ್ಯಾಸ ತಿಳಿದಿದ್ದರೆ ಮದ್ದು ಯಾವುದೆಂದು ಗೊತ್ತಾಗುತ್ತದೆ. ಮೊದಲನೆಯದಕ್ಕೆ ಜಾರಿದ ಕುಣಿಕೆಯನ್ನು ಹಿಡಿಯಬೇಕು. ಎರಡನೆಯದಕ್ಕೆ ಸಡಿಲವಾದ ತುದಿಯನ್ನು ಕಟ್ಟಬೇಕು.

ಯಾವ ನೂಲಿನದು ಬೇಗ ಎಳೆ ಬಿಡುತ್ತದೆ?

ನುಣುಪಾದದ್ದು ಬೇಗ ಜಾರುತ್ತದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿವೆ. ಅವು ಪಕ್ಕದ ಎಳೆಯನ್ನು ಕಚ್ಚಿಕೊಳ್ಳುವುದರಿಂದ ಒರಟು ಉಣ್ಣೆಯ ಕಾಲುಚೀಲದಲ್ಲಿ ತೂತು ಬಿದ್ದರೂ ಕುಣಿಕೆಗಳು ಒಂದೆರಡು ದಿನ ಅಲ್ಲೇ ನಿಂತಿರುತ್ತವೆ. ಮೆಷಿನ್ನಿನಲ್ಲಿ ಒಗೆಯಬಹುದು ಎಂದು ಬರೆದಿರುವ ಉಣ್ಣೆಯಲ್ಲಿ ಆ ಪದರಗಳನ್ನು ರಾಸಾಯನಿಕದಿಂದ ನುಣುಪು ಮಾಡಿರುತ್ತಾರೆ. ಹಾಗಾಗಿ ಅದಕ್ಕೆ ಕಚ್ಚುವ ಗುಣ ಕಡಿಮೆ. ರೇಷ್ಮೆ, ನೈಲಾನ್, ಮರದ ತಿರುಳಿನಿಂದ ತೆಗೆಯುವ ವಿಸ್ಕೋಸ್ ಇವು ಜಾರುವ ನೂಲುಗಳು. ಹತ್ತಿ ನಡುವೆ ನಿಲ್ಲುತ್ತದೆ.

ನಮ್ಮೂರಿನ ಮಳೆಗೆ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಹತ್ತಿ ನೆನೆದರೆ ಅದರ ಬಲ ಹೆಚ್ಚುತ್ತದೆ. ಉಣ್ಣೆ ನೆನೆದರೆ ಬಲ ಕುಗ್ಗುತ್ತದೆ. ವಿಸ್ಕೋಸ್ ನೆನೆದಾಗ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಿದಿರಿನ ಕಾಲುಚೀಲ ಎಂದು ಮಾರುವುದು ಬಹುಪಾಲು ಬಿದಿರಿನ ತಿರುಳಿನಿಂದ ತೆಗೆದ ವಿಸ್ಕೋಸೇ. ಮುಟ್ಟಲು ಬೆಣ್ಣೆಯಂತಿದ್ದರೂ ಜುಲೈ ತಿಂಗಳಿನಲ್ಲಿ ತೋಟಕ್ಕೆ ಹಾಕಿಕೊಂಡು ಹೋಗಲು ನಾನು ಯಾರಿಗೂ ಹೇಳುವುದಿಲ್ಲ. ಆ ಕೆಲಸಕ್ಕೆ ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಬೆರೆತ ನೂಲು ಒಳ್ಳೆಯದು. ಉಣ್ಣೆ ಹಿಡಿದುಕೊಳ್ಳುತ್ತದೆ, ನೈಲಾನ್ ಸವೆತ ತಡೆಯುತ್ತದೆ.

ಅಂಗಡಿಯಲ್ಲಿ ಉಲ್ಲನ್ ಎಂದೇ ಕೊಟ್ಟರು. ಅದು ನಿಜವಾದ ಉಣ್ಣೆಯೇ ಎಂದು ತಿಳಿಯುವುದು ಹೇಗೆ?

ಎರಡು ಅಂಗುಲ ನೂಲನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ದೀಪದ ಕುಡಿಗೆ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ದೀಪದಿಂದ ತೆಗೆದೊಡನೆ ತಾನಾಗಿ ಆರುತ್ತದೆ, ಬೂದಿ ಬೆರಳಲ್ಲಿ ಹುಡಿಯಾಗುತ್ತದೆ. ಅಕ್ರಿಲಿಕ್ ಎಂಬ ಕೃತಕ ನೂಲಾದರೆ ಕರಗುತ್ತಾ ಉರಿದು ಗಟ್ಟಿಯಾದ ಕಪ್ಪು ಮಣಿ ಉಳಿಯುತ್ತದೆ. ನಮ್ಮಲ್ಲಿ ಉಲ್ಲನ್ ಉಂಡೆ ಎಂದು ಸಿಗುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಅದು ಕೆಟ್ಟದ್ದೆಂದಲ್ಲ, ಆದರೆ ಅದನ್ನು ಜೋಡಿಸುವ, ಒಣಗಿಸುವ ಕ್ರಮ ಬೇರೆ.

ಸ್ಟಾಕಿಂಗ್ಸ್ ಪೊಟ್ಟಣದ ಮೇಲೆ 15 ಡೆನಿಯರ್, 40 ಡೆನಿಯರ್ ಎಂದು ಇರುತ್ತದೆ. ಯಾವುದು ಗಟ್ಟಿ?

9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಅಷ್ಟು ದೂರ ಎಳೆದ 15 ಡೆನಿಯರ್ ನೂಲಿನ ತೂಕ 50 ಗ್ರಾಂ. ಅಷ್ಟು ತೆಳುವಾದದ್ದು ಉಗುರಿನ ಒಂದು ಗೀರಿಗೆ ಸೋಲುವುದು ಸಹಜ. ದಿನನಿತ್ಯದ ಕಚೇರಿಗೆ 40 ಅಥವಾ ಅದಕ್ಕೂ ಹೆಚ್ಚಿನದನ್ನು ಕೊಳ್ಳಿ.

## ಹಾಕುವಾಗ, ಒಗೆಯುವಾಗ, ಒಣಗಿಸುವಾಗ

ಹೊಸ ಸ್ಟಾಕಿಂಗ್ಸ್, ಮೊದಲ ಸಲ ಹಾಕುವಾಗಲೇ ಎಳೆ ಬಿಟ್ಟಿತು. ನನ್ನ ತಪ್ಪೇ, ಮಾಲಿನ ತಪ್ಪೇ?

ಮೊದಲು ನಿಮ್ಮ ಕಾಲುಂಗುರ ನೋಡಿ. ಬೆಳ್ಳಿಯ ಕಾಲುಂಗುರಗಳ ಬಾಯಿ ಸಾಮಾನ್ಯವಾಗಿ ತೆರೆದಿರುತ್ತದೆ. ಆ ಬಾಯಿಯ ಮೊನೆ ನೂಲಿಗೆ ಕತ್ತರಿಯಿದ್ದಂತೆ. ಅಕ್ಕಸಾಲಿಗರ ಹತ್ತಿರ ಕೊಟ್ಟರೆ ಮೊನೆಯನ್ನು ಉಜ್ಜಿ ದುಂಡಗೆ ಮಾಡಿಕೊಡುತ್ತಾರೆ. ತೆಗೆಯಲು ಇಷ್ಟವಿಲ್ಲದವರು ಅದರ ಮೇಲೆ ತೆಳುವಾದ ಹತ್ತಿಯ ಪಟ್ಟಿ ಸುತ್ತಿ ಹಾಕಿಕೊಳ್ಳಬಹುದು. ಗೆಜ್ಜೆಯನ್ನಂತೂ ಕಾಲುಚೀಲದ ಒಳಗೆ ಬಿಡಬೇಡಿ.

ಎರಡನೆಯದು ಒಡೆದ ಹಿಮ್ಮಡಿ. ಡಿಸೆಂಬರ್, ಜನವರಿಯ ಒಣ ಚಳಿಗೆ ಇಲ್ಲಿ ಹಿಮ್ಮಡಿ ಒಡೆಯದವರು ಕಡಿಮೆ. ಬಿರಿದ ಚರ್ಮದ ಅಂಚು ಮರಳು ಕಾಗದದಂತೆ ನೂಲನ್ನು ಎಳೆಯುತ್ತದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಬೆಳಿಗ್ಗೆ ಒರೆಸಿ ಹಾಕಿಕೊಳ್ಳಿ.

ಹಾಕುವ ಕ್ರಮವೂ ಮುಖ್ಯ. ಬಾಯಿಯನ್ನು ಹಿಡಿದು ಪ್ಯಾಂಟಿನಂತೆ ಮೇಲಕ್ಕೆ ಎಳೆಯಬಾರದು. ಎರಡು ಹೆಬ್ಬೆರಳನ್ನು ಒಳಗಿಟ್ಟು, ತುದಿಯವರೆಗೆ ಸುರುಳಿ ಸುತ್ತಿಕೊಂಡು, ಬೆರಳುಗಳನ್ನು ಒಳಗೆ ಕೂರಿಸಿ, ಹಿಮ್ಮಡಿ ಹಿಮ್ಮಡಿಗೆ ಸರಿಯಾಗಿ ಬಂತೇ ನೋಡಿ, ಆಮೇಲೆ ಅಂಗೈಯಿಂದ ಮೇಲಕ್ಕೆ ಸವರುತ್ತಾ ಬಿಚ್ಚಬೇಕು. ಬೆರಳ ತುದಿಯಲ್ಲಿ ಅರ್ಧ ಅಂಗುಲ ಸಡಿಲ ಉಳಿಸಿ. ಇಷ್ಟೆಲ್ಲ ಮಾಡಿದರೂ ಹರಿದರೆ ಅಳತೆ ಚಿಕ್ಕದಾಗಿದೆ ಎಂದು ತಿಳಿಯಿರಿ. ಸದಾ ಬಿಗಿದು ನಿಂತ ಕುಣಿಕೆ ಸಣ್ಣ ಗೀರನ್ನೂ ತಾಳುವುದಿಲ್ಲ.

ತೋಟಕ್ಕೆ ಹೋಗಿ ಬಂದರೆ ಕಾಲುಚೀಲದ ತುಂಬ ಎಳೆ ಎದ್ದಿರುತ್ತದೆ. ಕತ್ತರಿಸಿ ಬಿಡಲೇ?

ದಯವಿಟ್ಟು ಕತ್ತರಿಸಬೇಡಿ. ಈ ಒಂದು ಮಾತನ್ನು ನಾನು ಎಲ್ಲರಿಗೂ ಕೈಹಿಡಿದು ಹೇಳುತ್ತೇನೆ. ಮೇಲೆ ಎದ್ದು ಕಾಣುವ ಆ ಎಳೆ ಇನ್ನೂ ತುಂಡಾಗಿಲ್ಲ. ಅದು ಅಕ್ಕಪಕ್ಕದ ನಾಲ್ಕಾರು ಕುಣಿಕೆಗಳಿಂದ ನೂಲನ್ನು ಎಳೆದುಕೊಂಡು ಹೊರಗೆ ಬಂದಿದೆ, ಅಷ್ಟೇ. ನೀವು ಕತ್ತರಿ ಹಾಕಿದ ಕ್ಷಣ ಒಂದು ಕುಣಿಕೆಯನ್ನು ಕೈಯಾರೆ ಕಡಿದಂತಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ನಾನು ತಂದೆಯ ಬೂದುಬಣ್ಣದ ಕಾಲುಚೀಲ ಚೆನ್ನಾಗಿ ಕಾಣಲಿ ಎಂದು ಹೀಗೆಯೇ ಕತ್ತರಿಸಿದ್ದೆ. ಮೂರು ದಿನಗಳಲ್ಲಿ ಅದು ಕಣಕಾಲಿನಿಂದ ಬಾಯಿಯ ಪಟ್ಟಿಯವರೆಗೆ ಬಿಟ್ಟಿತ್ತು.

ಸರಿಯಾದ ಕ್ರಮ ಹೀಗಿದೆ. ಕಾಲುಚೀಲವನ್ನು ಕೈಗೆ ತೊಟ್ಟುಕೊಂಡು ಬೆಳಕಿಗೆ ಹಿಡಿಯಿರಿ. ಎದ್ದ ಎಳೆಯ ಎರಡು ಬದಿಯಲ್ಲೂ ಒಂದೆರಡು ಕುಣಿಕೆಗಳು ಬಿಗಿದು ಗೆರೆಯಂತೆ ಕಾಣುತ್ತವೆ. ಮೊಂಡು ಸೂಜಿಯ ತುದಿಯಿಂದ ಆ ಬಿಗಿದ ಕುಣಿಕೆಗಳನ್ನು ಒಂದೊಂದಾಗಿ ಮೆಲ್ಲನೆ ಎತ್ತುತ್ತಾ ಬನ್ನಿ. ಎದ್ದ ಎಳೆ ತಾನಾಗಿ ಒಳಗೆ ಸೇರುತ್ತದೆ. ಅಷ್ಟಕ್ಕೂ ಉಳಿದರೆ ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿಯಿಂದ ಒಳಬದಿಗೆ ಎಳೆದು ಬಿಡಿ.

ಎಳೆ ಏಳುವುದಕ್ಕೆ ಕಾರಣ ಬಹುಮಟ್ಟಿಗೆ ನಾಚಿಕೆ ಮುಳ್ಳು, ಲಂಟಾನ ಮತ್ತು ಉತ್ತರಾಣಿ. ಉತ್ತರಾಣಿಯ ಬೀಜವನ್ನು ಒದ್ದೆ ಕಾಲುಚೀಲದಿಂದ ಕಿತ್ತರೆ ನೂಲೂ ಜೊತೆಗೆ ಬರುತ್ತದೆ. ಒಣಗಿಸಿ, ಒಳಗಿನಿಂದ ಒಂದು ಬೆರಳು ಕೊಟ್ಟು, ಬೀಜ ಹೊಕ್ಕ ದಿಕ್ಕಿನಲ್ಲೇ ಹಿಂದಕ್ಕೆ ತೆಗೆಯಿರಿ. ಗಂಬೂಟು ಹಾಕುವವರು ಬೂಟಿನ ಒಳಗೆ ಕೈಯಾಡಿಸಿ ನೋಡಬೇಕು. ಹಿಮ್ಮಡಿಯ ಹತ್ತಿರ ಅಸ್ತರು ಕಿತ್ತು ರಬ್ಬರಿನ ಅಂಚು ಎದ್ದಿದ್ದರೆ ಎಂಥ ಕಾಲುಚೀಲವೂ ಒಂದು ತಿಂಗಳು ಬಾಳುವುದಿಲ್ಲ.

ಜಿಗಣೆಗೆ ದಪ್ಪ ಉಲ್ಲನ್ ಕಾಲುಚೀಲ ಸಾಕಾಗುತ್ತದೆಯೇ?

ಸಾಕಾಗುವುದಿಲ್ಲ. ಜಿಗಣೆ ನೂಲಿನಂತೆ ಸಣ್ಣಗಾಗಿ ಕುಣಿಕೆಯ ಸಂದಿಯಲ್ಲಿ ನುಗ್ಗುತ್ತದೆ. ತಡಿಯಂಡಮೋಳ್ ಅಥವಾ ಬ್ರಹ್ಮಗಿರಿ ಹತ್ತುವವರು ಹಾಕುವ ಜಿಗಣೆ ಕಾಲುಚೀಲವನ್ನು ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಿಂದ ಹೊಲಿದಿರುತ್ತಾರೆ. ಅದರಲ್ಲಿ ಕುಣಿಕೆಯೇ ಇಲ್ಲದ ಕಾರಣ ಎಳೆ ಬಿಡುವ ಮಾತೂ ಇಲ್ಲ. ಒಳಗೆ ನಿಮ್ಮ ಉಣ್ಣೆಯದು, ಮೇಲೆ ಮಂಡಿಯವರೆಗೆ ಅದು. ಹೀಗೆ ಹಾಕಿದರೆ ಮುಳ್ಳಿನಿಂದಲೂ ಒಳಗಿನದು ಉಳಿಯುತ್ತದೆ. ಜಿಗಣೆ ಹತ್ತದಿರಲಿ ಎಂದು ಸುಣ್ಣವನ್ನು ಮಾತ್ರ ಉಣ್ಣೆಯ ಮೇಲೆ ಹಚ್ಚಬೇಡಿ, ಸುಣ್ಣದ ಕ್ಷಾರ ಉಣ್ಣೆಯನ್ನು ತಿನ್ನುತ್ತದೆ.

ಮಗ ಹಾಕಿ ಆಟಗಾರ. ಅವನ ಉದ್ದ ಕಾಲುಚೀಲ ಒಂದೇ ಪಂದ್ಯಕ್ಕೆ ಜಾಲರಿಯಾಗುತ್ತದೆ. ಚೆಂಡು ತಾಗಿ ಹೀಗಾಗುವುದೇ?

ಚೆಂಡಿಗಿಂತ ಮೊಣಕಾಲಿನ ಕೆಳಗಿನ ಗಾರ್ಡಿನ ಪಟ್ಟಿಯನ್ನು ಅನುಮಾನಿಸಿ. ವೆಲ್ಕ್ರೋ ಪಟ್ಟಿಯ ಒರಟು ಬದಿಯಲ್ಲಿರುವುದು ನೂರಾರು ಸಣ್ಣ ಕೊಕ್ಕೆಗಳು. ಕುಣಿಕೆಯನ್ನು ಹಿಡಿಯಲೆಂದೇ ಮಾಡಿದ ವಸ್ತು ಅದು. ಪಟ್ಟಿ ಅಂಚು ಮೀರಿ ಒಂದು ನೂಲಿನಷ್ಟು ಹೊರಗೆ ಚಾಚಿದರೂ ಸಾಕು, ಓಡಿದಾಗಲೆಲ್ಲ ಕೀಳುತ್ತಿರುತ್ತದೆ. ಪಟ್ಟಿಯನ್ನು ಸರಿಯಾಗಿ ಮುಚ್ಚಿ, ಉದ್ದವಾಗಿದ್ದರೆ ಕತ್ತರಿಸಿ, ಗಾರ್ಡಿನ ಮೇಲೊಂದು ಹಳೆಯ ಕಾಲುಚೀಲದ ಕೊಳವೆ ತೊಡಿಸಿ. ಒಗೆಯಲು ಹಾಕುವಾಗ ಗಾರ್ಡನ್ನೂ ಕಾಲುಚೀಲವನ್ನೂ ಒಂದೇ ಚೀಲಕ್ಕೆ ತುರುಕಬೇಡಿ.

1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬಂತೆಂದರೆ ನನ್ನ ಕೈಗೆ ಇಂಥ ಕಾಲುಚೀಲಗಳು ಬರುತ್ತವೆ. ಹೆಚ್ಚಿನವುಗಳಲ್ಲಿ ಗಾಯ ಇರುವುದು ಪಟ್ಟಿ ಕಟ್ಟುವ ಎರಡು ಜಾಗಗಳಲ್ಲೇ.

ಮಳೆಗಾಲದಲ್ಲಿ ನಾಲ್ಕು ದಿನವಾದರೂ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಕಟ್ಟಬಹುದೇ?

ಒಲೆಯ ನೇರ ಮೇಲೆ ಬೇಡ. ಅತಿಯಾದ ಬಿಸಿಗೆ ಉಣ್ಣೆ ಹಳದಿಯಾಗಿ ಪೆಡಸಾಗುತ್ತದೆ, ಬಾಯಿಯ ಎಲಾಸ್ಟಿಕ್ ಸಾಯುತ್ತದೆ, ಅಕ್ರಿಲಿಕ್ ಒದ್ದೆಯಲ್ಲಿ ಬಿಸಿ ತಾಗಿದರೆ ಜೋತುಬಿದ್ದು ಮತ್ತೆ ಕುಗ್ಗುವುದಿಲ್ಲ. ಹಾಗೆಂದು ಒದ್ದೆಯಾಗಿಯೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹತ್ತಿಯ ನೂಲನ್ನು ಟೊಳ್ಳು ಮಾಡುತ್ತದೆ.

ನಾನು ಮಾಡುವುದು ಇಷ್ಟು. ಹಿಂಡದೆ, ಒಣಗಿದ ಟವೆಲ್ಲಿನ ಮೇಲೆ ಹಾಸಿ, ಟವೆಲ್ಲನ್ನು ಚಾಪೆಯಂತೆ ಸುತ್ತಿ, ಅದರ ಮೇಲೆ ನಿಂತು ಒಮ್ಮೆ ತುಳಿಯುತ್ತೇನೆ. ಅರ್ಧಕ್ಕಿಂತ ಹೆಚ್ಚು ನೀರು ಟವೆಲ್ಲಿಗೆ ಇಳಿಯುತ್ತದೆ. ಆಮೇಲೆ ಒಲೆಯಿರುವ ಕೋಣೆಯಲ್ಲೇ, ಒಲೆಯಿಂದ ಒಂದು ಮಾರು ದೂರದಲ್ಲಿ, ಹಗ್ಗಕ್ಕೆ ಮಡಚಿ ಹಾಕುತ್ತೇನೆ. ಕ್ಲಿಪ್ಪನ್ನು ಹಾಕಲೇಬೇಕಾದರೆ ಬೆರಳ ತುದಿಗೆ ಹಾಕಿ, ಬಾಯಿಗೆ ಬೇಡ. ನೀರಿನ ಭಾರ ಬಾಯಿಯ ಕುಣಿಕೆಗಳನ್ನು ಸಡಿಲಿಸುತ್ತದೆ.

ವಾಷಿಂಗ್ ಮೆಷಿನ್ನಿಗೆ ಹಾಕಬಹುದೇ?

ಒಳಮೈ ಹೊರಗೆ ಮಾಡಿ, ಬಲೆಯ ಚೀಲದಲ್ಲಿ ಕಟ್ಟಿ, ತಣ್ಣೀರಿನಲ್ಲಿ ಹಾಕಬಹುದು. ಜಿಪ್ ಮತ್ತು ಹುಕ್ ಇರುವ ಬಟ್ಟೆಗಳ ಜೊತೆ ಬೇಡ. ಬ್ಲೀಚು ಉಣ್ಣೆಯನ್ನೂ ಎಲಾಸ್ಟಿಕ್ಕನ್ನೂ ಕೊಲ್ಲುತ್ತದೆ. ಕೈಯಲ್ಲಿ ಹೆಣೆದದ್ದನ್ನು ಮಾತ್ರ ಬಕೆಟ್ಟಿನಲ್ಲಿ ಅದ್ದಿ, ಕೈಯಲ್ಲೇ ಹಿಸುಕಿ ಒಗೆಯಿರಿ. ಒಗೆಯುವ ಕಲ್ಲಿಗೆ ಬಡಿಯಬೇಡಿ, ಬ್ರಷ್ ತಾಗಿಸಬೇಡಿ.

ಫ್ರೀಜರಿನಲ್ಲಿಟ್ಟರೆ ಸ್ಟಾಕಿಂಗ್ಸ್ ಗಟ್ಟಿಯಾಗುತ್ತದಂತೆ. ನಿಜವೇ?

ತಣ್ಣಗಿರುವಷ್ಟು ಹೊತ್ತು ಏನಾದರೂ ಆಗಬಹುದು. ಕಾಲಿಗೆ ಹಾಕಿದ ಮೇಲೆ ನೈಲಾನ್ ಮೊದಲಿನಂತೆಯೇ ಇರುತ್ತದೆ. ಫ್ರೀಜರಿನ ನಿಜವಾದ ಉಪಯೋಗ ನುಸಿಗೆ. ಉಣ್ಣೆಯನ್ನು ತಿನ್ನುವುದು ಪತಂಗದ ಮರಿಹುಳು, ಅದು ಕಡಿದ ಒಂದೊಂದು ಜಾಗವೂ ತುಂಡಾದ ಕುಣಿಕೆ. ಮಳೆಗಾಲ ಮುಗಿದ ಮೇಲೆ ಉಣ್ಣೆಯದನ್ನು ಒಗೆದು, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಟ್ಟು ಆಮೇಲೆ ಪೆಟ್ಟಿಗೆಗೆ ಹಾಕಿ. ಬೆವರಿನ ಕೊಳೆ ಇರುವಲ್ಲಿಗೆ ಹುಳು ಮೊದಲು ಬರುತ್ತದೆ. ಹಾಗಾಗಿ ಒಗೆಯದೆ ಎತ್ತಿಡಬಾರದು.

## ಎಳೆ ಬಿಟ್ಟ ಮೇಲೆ

ಹೊರಗೆ ಹೋದಾಗ ಎಳೆ ಬಿಟ್ಟರೆ ಆ ಕ್ಷಣಕ್ಕೆ ಏನು ಮಾಡಬೇಕು?

ನೈಲಾನ್ ಸ್ಟಾಕಿಂಗ್ಸ್ ಆದರೆ ಬಣ್ಣವಿಲ್ಲದ ಉಗುರು ಪಾಲಿಷ್‌ನ ಒಂದೊಂದು ಹನಿಯನ್ನು ಬಿಟ್ಟ ಜಾಗದ ಎರಡೂ ತುದಿಗೆ ಹಚ್ಚಿ, ಒಣಗುವವರೆಗೆ ಕಾಲು ಮಡಚದೆ ಕುಳಿತುಕೊಳ್ಳಿ. ಒಂದೇ ತುದಿಗೆ ಹಚ್ಚಿದರೆ ಸಾಲದು, ಜಾರುವ ನೂಲಿನಲ್ಲಿ ಎಳೆ ಮೇಲಕ್ಕೂ ಕೆಳಕ್ಕೂ ಬಿಡುತ್ತದೆ. ಪಾಲಿಷ್ ಇಲ್ಲದಿದ್ದರೆ ಒದ್ದೆ ಸೋಪನ್ನು ಉಜ್ಜಿ. ಮನೆಗೆ ಬರುವವರೆಗೆ ತಡೆಯುತ್ತದೆ.

ಉಣ್ಣೆಯದಾದರೆ ಪಾಲಿಷ್ ಬೇಡ, ಅದು ಗಟ್ಟಿಯಾಗಿ ಅಂಟಿ ಮುಂದೆ ಸರಿಮಾಡಲು ಬರುವುದಿಲ್ಲ. ಜಾರಿದ ಕುಣಿಕೆಯೊಳಗೆ ಒಂದು ಚಿಕ್ಕ ಪಿನ್ನು ತೂರಿಸಿ ಹಾಕಿದರೆ ಆಯಿತು. ನನ್ನ ಚೀಲದಲ್ಲಿ ಎರಡು ಪಿನ್ನು ಯಾವಾಗಲೂ ಇರುತ್ತವೆ.

ಏಣಿಯಂತೆ ಬಿಟ್ಟದ್ದನ್ನು ಮನೆಯಲ್ಲೇ ಸರಿಮಾಡಲು ಸಾಧ್ಯವೇ? ನನಗೆ ಹೆಣೆಯಲು ಬರುವುದಿಲ್ಲ.

ಖಂಡಿತ ಸಾಧ್ಯ. ಬೇಕಾದದ್ದು ಒಂದು ಸಣ್ಣ ಕ್ರೋಶಾ ಕಡ್ಡಿ, ಅದೇ ಬಣ್ಣದ ಒಂದು ಗೇಣು ನೂಲು, ಮೊಂಡು ಸೂಜಿ, ಒಳಗಿಡಲು ನುಣುಪಾದ ತೆಂಗಿನ ಕರಟ. ಕರಟದ ಉಬ್ಬು ಹಿಮ್ಮಡಿಗೂ ಬೆರಳ ತುದಿಗೂ ಸರಿಯಾಗಿ ಕೂರುತ್ತದೆ.

ಕರಟವನ್ನು ಒಳಗಿಟ್ಟು ಬಿಟ್ಟ ಜಾಗವನ್ನು ಮೇಲೆ ಹರಡಿ. ಒಂದು ತುದಿಯಲ್ಲಿ ಸಡಿಲವಾಗಿ ತೆರೆದ ಒಂದು ಕುಣಿಕೆ ಕಾಣುತ್ತದೆ, ಅದರ ಮುಂದೆ ಅಡ್ಡ ನೂಲುಗಳ ಮೆಟ್ಟಿಲು. ಕ್ರೋಶಾ ಕಡ್ಡಿಯನ್ನು ಎದುರಿನಿಂದ ಆ ಕುಣಿಕೆಯೊಳಗೆ ತೂರಿಸಿ. ಅದಕ್ಕೆ ತೀರ ಹತ್ತಿರದ ಮೊದಲ ಮೆಟ್ಟಿಲನ್ನು ಕೊಕ್ಕೆಯಲ್ಲಿ ಹಿಡಿದು ಕುಣಿಕೆಯೊಳಗಿನಿಂದ ಈಚೆಗೆ ಎಳೆಯಿರಿ. ಈಗ ಆ ಮೆಟ್ಟಿಲೇ ಹೊಸ ಕುಣಿಕೆಯಾಯಿತು. ಎರಡನೆಯ ಮೆಟ್ಟಿಲನ್ನು ಅದರೊಳಗಿನಿಂದ ಎಳೆಯಿರಿ. ಹೀಗೆ ಒಂದನ್ನೂ ಬಿಡದೆ, ಕ್ರಮ ತಪ್ಪದೆ. ಹಿಂದೆ ಒಂದು ಮೆಟ್ಟಿಲು ಬಿಟ್ಟುಹೋದರೆ ಒಳಬದಿಯಲ್ಲಿ ನೂಲು ಜೋತಾಡುತ್ತದೆ, ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಕಂಡರೆ ಹಿಂದಕ್ಕೆ ಹೋಗಿ ಹಿಡಿದು ಬನ್ನಿ.

ಮೆಟ್ಟಿಲುಗಳು ಮುಗಿದಾಗ ಕೈಯಲ್ಲಿ ಕೊನೆಯ ಕುಣಿಕೆ ಉಳಿಯುತ್ತದೆ. ಮೊದಲು ತುಂಡಾದ ಜಾಗ ಅದೇ. ಅದನ್ನು ಪಿನ್ನಿಗೆ ಹಾಕಿಡಿ. ಒಂದು ಗೇಣು ನೂಲನ್ನು ಸೂಜಿಗೆ ಪೋಣಿಸಿ, ಆ ಕುಣಿಕೆಯ ಮೂಲಕ ಹಾಯಿಸಿ, ಆಚೆ ಬದಿಯ ಕುಣಿಕೆಯ ಬುಡವನ್ನು ಹಿಡಿದು, ಅಕ್ಕಪಕ್ಕದ ಎರಡೆರಡು ಕುಣಿಕೆಗಳ ಮೇಲೂ ಅದೇ ಆಕಾರದಲ್ಲಿ ನೂಲನ್ನು ಓಡಿಸಿ. ಗಂಟು ಹಾಕಬೇಡಿ. ಒಳಬದಿಯಲ್ಲಿ ಎರಡು ಅಂಗುಲ ಸಿಕ್ಕಿಸಿ, ದಿಕ್ಕು ಬದಲಿಸಿ ಮತ್ತೆ ಒಂದು ಅಂಗುಲ ಸಿಕ್ಕಿಸಿ, ಆಮೇಲೆ ತುಂಡು ಮಾಡಿ. ಕೊನೆಗೆ ಉದ್ದಕ್ಕೂ ಅಡ್ಡಕ್ಕೂ ಒಮ್ಮೆ ಮೆಲ್ಲನೆ ಎಳೆದರೆ ಹೊಸ ಕುಣಿಕೆಗಳು ಹಳೆಯವುಗಳ ಜೊತೆ ಸಮನಾಗುತ್ತವೆ.

ತೆಳುವಾದ ನೈಲಾನಿಗೆ ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಅದರ ಕುಣಿಕೆ ಕಣ್ಣಿಗೇ ಸಿಗುವುದಿಲ್ಲ.

ಹಿಮ್ಮಡಿ ಸವೆದು ಬೆಳಕು ಕಾಣುತ್ತಿದೆ, ತೂತು ಬಿದ್ದಿಲ್ಲ. ಬಿದ್ದ ಮೇಲೆ ತಂದರೆ ಆಗದೇ?

ಈಗಲೇ ತನ್ನಿ. ಈಗ ಪ್ರತಿ ಕುಣಿಕೆಯೂ ತನ್ನ ಜಾಗದಲ್ಲಿದೆ, ದಾರಿ ಕಾಣುತ್ತದೆ. ಸೂಜಿಯಲ್ಲಿ ಹೊಸ ನೂಲು ಪೋಣಿಸಿ ಹಳೆಯ ಕುಣಿಕೆಯ ದಾರಿಯನ್ನೇ ಹಿಡಿದು ಮೇಲಿಂದ ಮೇಲೆ ಓಡಿಸಿದರೆ ಹಿಮ್ಮಡಿ ಇಮ್ಮಡಿಯಾಗುತ್ತದೆ, ಮುಟ್ಟಿದರೆ ಗೊತ್ತೂ ಆಗುವುದಿಲ್ಲ. ತೂತು ಬಿದ್ದ ಮೇಲೆ ಉಳಿಯುವುದು ರಫೂ ಮಾತ್ರ. ಉದ್ದಕ್ಕೆ ನೂಲು ಕಟ್ಟಿ, ಅಡ್ಡಕ್ಕೆ ನೇಯಬೇಕು. ಬಾಳಿಕೆ ಬರುತ್ತದೆ ನಿಜ, ಆದರೆ ಆ ಜಾಗ ಹಿಗ್ಗುವುದಿಲ್ಲ, ಬೂಟಿನೊಳಗೆ ಒತ್ತುತ್ತದೆ. ತಿಂಗಳಿಗೊಮ್ಮೆ ಕಾಲುಚೀಲದೊಳಗೆ ಕೈ ಹಾಕಿ ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

## ಹೆಣೆಯುವವರಿಗೆ

ನೂಲಿನ ಉಂಡೆ ಮುಗಿದಾಗ ಗಂಟು ಹಾಕಿ ಮುಂದುವರಿಸಬಹುದೇ?

ಕಾಲುಚೀಲದಲ್ಲಿ ಗಂಟು ಎರಡು ವಿಧದಲ್ಲಿ ಕಾಡುತ್ತದೆ. ಅಂಗಾಲಿಗೆ ಒತ್ತುತ್ತದೆ. ದಿನವೂ ತುಳಿದು ತುಳಿದು ಒಂದು ದಿನ ಬಿಚ್ಚಿಕೊಂಡು ಎರಡು ತುದಿಗಳನ್ನೂ ಒಟ್ಟಿಗೆ ಬಿಡುತ್ತದೆ.

ರಾಸಾಯನಿಕ ಕಾಣದ ಅಪ್ಪಟ ಉಣ್ಣೆಯಾದರೆ ಎರಡೂ ತುದಿಗಳನ್ನು ಎರಡು ಅಂಗುಲದಷ್ಟು ಬಿಡಿಸಿ, ಒಂದರ ಮೇಲೊಂದಿಟ್ಟು, ನೀರು ತಾಗಿಸಿ ಅಂಗೈಗಳ ನಡುವೆ ಬಿಸಿಯೇರುವಂತೆ ಹೊಸೆಯಿರಿ. ಎಳೆಗಳು ಕಚ್ಚಿಕೊಂಡು ಒಂದೇ ನೂಲಾಗುತ್ತದೆ. ಅಕ್ರಿಲಿಕ್‌ಗೆ, ಹತ್ತಿಗೆ, ನುಣುಪು ಮಾಡಿದ ಉಣ್ಣೆಗೆ ಇದು ನಡೆಯುವುದಿಲ್ಲ. ಅವುಗಳಿಗೆ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ಹಿಡಿದು ಏಳೆಂಟು ಕುಣಿಕೆ ಹೆಣೆದು, ತುದಿಗಳನ್ನು ಆಮೇಲೆ ಸೂಜಿಯಿಂದ ಸಿಕ್ಕಿಸಿ. ತುದಿ ಒಂದು ಗೇಣಾದರೂ ಇರಲಿ. ಜೋಡಣೆಯನ್ನು ಹಿಮ್ಮಡಿಯಲ್ಲೂ ಅಂಗಾಲಿನಲ್ಲೂ ಮಾಡದೆ ಪಾದದ ಮೇಲ್ಭಾಗದಲ್ಲಿ ಮಾಡಿ.

ನಾನು ಹೆಣೆದ ಕಾಲುಚೀಲ ಬಾಯಿಯಲ್ಲೇ ಮೊದಲು ಬಿಚ್ಚಿಕೊಳ್ಳುತ್ತದೆ. ಏಕೆ?

ನೀವು ಬೆರಳ ತುದಿಯಿಂದ ಆರಂಭಿಸಿ ಬಾಯಿಯಲ್ಲಿ ಮುಗಿಸುತ್ತಿದ್ದೀರಿ ಎಂದು ಊಹಿಸುತ್ತೇನೆ. ಹೆಣಿಗೆ ಸುಲಭವಾಗಿ ಬಿಚ್ಚಿಕೊಳ್ಳುವುದು ಕೊನೆಗೆ ಹೆಣೆದ ತುದಿಯಿಂದ. ಬಾಯಿಯಲ್ಲಿ ಬಿಗಿಯಾಗಿ ಮುಚ್ಚಿದರೆ ಹಿಮ್ಮಡಿ ತೂರುವಾಗ ನೂಲು ತುಂಡಾಗುತ್ತದೆ, ಬಿಚ್ಚಲು ದಾರಿ ತೆರೆದಂತಾಗುತ್ತದೆ. ಕೊನೆಯ ಸಾಲನ್ನು ಎರಡು ಅಳತೆ ದೊಡ್ಡ ಕಡ್ಡಿಯಿಂದ ಮುಚ್ಚಿ, ಅಥವಾ ಸೂಜಿಯಿಂದ ಸಡಿಲವಾಗಿ ಹೊಲಿದು ಮುಚ್ಚಿ.

ನನ್ನ ಒಲವು ಬಾಯಿಯಿಂದ ಆರಂಭಿಸುವುದರ ಕಡೆಗೆ. ಒಂದು ಸೀದಾ, ಒಂದು ಉಲ್ಟಾ ಹಾಕಿದ ಪಟ್ಟಿಗೆ ಒಂದು ವಿಶೇಷ ಗುಣವಿದೆ. ಆರಂಭಿಸಿದ ತುದಿಯಿಂದ ಅದು ಬಿಚ್ಚಿಕೊಳ್ಳುವುದಿಲ್ಲ, ನೂಲು ಎದುರು ಬದಿಗೊಮ್ಮೆ ಹಿಂಬದಿಗೊಮ್ಮೆ ಸಿಕ್ಕಿಕೊಂಡು ನಿಲ್ಲುತ್ತದೆ. ಹಾಗಾಗಿ ಬಾಯಿಗೆ ಏನಾದರೂ ಗಾಯವಾದರೂ ಮುಂದೆ ಹೋಗುವುದು ಕಷ್ಟ.

ಹಾಗಾದರೆ ಬಿಚ್ಚಿಕೊಳ್ಳುವ ತುದಿ ಬೆರಳಿನ ಕಡೆಗೆ ಬಂತಲ್ಲ. ಅಲ್ಲಿ ಹೇಗೆ ಮುಚ್ಚಬೇಕು?

ಉಳಿದ ಕುಣಿಕೆಗಳನ್ನು ಎರಡು ಕಡ್ಡಿಗಳಿಗೆ ಸಮನಾಗಿ ಹಂಚಿ, ಸೂಜಿಯಲ್ಲಿ ನೂಲು ಹಿಡಿದು, ನಡುವೆ ಹೊಸದೊಂದು ಸಾಲು ಹೆಣೆದಂತೆ ಎರಡನ್ನೂ ಬೆಸೆಯಬೇಕು. ಹೊಲಿಗೆಯ ಗೀಟು ಉಳಿಯುವುದಿಲ್ಲ, ಪ್ರತಿ ಕುಣಿಕೆಯೂ ಎರಡೂ ಬದಿಯಿಂದ ಹಿಡಿತದಲ್ಲಿರುತ್ತದೆ. ಈ ಬೆಸುಗೆಗೆ ಕಿಚ್ನರ್ ಎಂಬ ಹೆಸರು ಅಂಟಿಕೊಂಡಿದೆ. 1902ರಿಂದ 1909ರವರೆಗೆ ಭಾರತದ ಸೇನೆಗೆ ದಂಡನಾಯಕನಾಗಿದ್ದ ಲಾರ್ಡ್ ಕಿಚ್ನರ್‌ನ ಹೆಸರೇ ಅದು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಮನೆಮನೆಗಳಲ್ಲಿ ಹೆಂಗಸರು ಕಾಲುಚೀಲ ಹೆಣೆದರು. ಬೆರಳ ಮೇಲಿನ ಒಂದು ದಪ್ಪ ಗೀಟು ಮೈಲುಗಟ್ಟಲೆ ನಡೆಯುವವನ ಪಾದವನ್ನು ಹುಣ್ಣು ಮಾಡುತ್ತದೆ. ಮಕ್ಕಳನ್ನು ಸೇನೆಗೆ ಕಳುಹಿಸಿದ ಮನೆಗಳು ತುಂಬಿರುವ ಈ ಊರಿನಲ್ಲಿ ಈ ಬೆಸುಗೆಯನ್ನು ಕಲಿಸುವಾಗ ನನಗೆ ಕೈ ತುಸು ನಿಧಾನವಾಗುತ್ತದೆ.

ಹಿಮ್ಮಡಿಯನ್ನು ಹೆಣೆಯುವಾಗಲೇ ಗಟ್ಟಿ ಮಾಡುವುದು ಹೇಗೆ?

ಸೀದಾ ಸಾಲಿನಲ್ಲಿ ಒಂದು ಕುಣಿಕೆಯನ್ನು ಹೆಣೆಯದೆ ದಾಟಿಸಿ, ಮುಂದಿನದನ್ನು ಹೆಣೆಯಿರಿ. ಮರಳುವ ಸಾಲನ್ನು ಪೂರ್ತಿ ಉಲ್ಟಾ ಹೆಣೆಯಿರಿ. ದಾಟಿಸಿದ ಕುಣಿಕೆಯ ಹಿಂದೆ ನೂಲು ಅಡ್ಡ ಹಾದು ಹಿಮ್ಮಡಿ ಎರಡು ಪದರವಾಗುತ್ತದೆ. ಉಣ್ಣೆಯ ಜೊತೆ ತೆಳುವಾದ ನೈಲಾನ್ ಎಳೆಯೊಂದನ್ನು ಹಿಮ್ಮಡಿಗೂ ಬೆರಳ ತುದಿಗೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. 100 ಗ್ರಾಮಿಗೆ ಸುಮಾರು 400 ಮೀಟರ್ ಬರುವ ನೂಲಿಗೆ 2.25 ಅಥವಾ 2.5 ಮಿಲಿಮೀಟರಿನ ಕಡ್ಡಿ, ದೊಡ್ಡವರ ಪಾದಕ್ಕೆ 64 ಕುಣಿಕೆ ಹೊಂದುತ್ತದೆ. ಬೇಗ ಮುಗಿಯಲಿ ಎಂದು ದಪ್ಪ ಕಡ್ಡಿ ಹಿಡಿದರೆ ಕುಣಿಕೆಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ.

ಬೆರಳ ಹತ್ತಿರ ಹರಿದದ್ದು ಏಕೆ ಯಾವಾಗಲೂ ಕಾಲಿನ ಮೇಲಕ್ಕೇ ಏರುತ್ತದೆ?

ಕುಣಿಕೆ ಹೆಚ್ಚಾಗಿ ಜಾರುವುದು ಆರಂಭದ ತುದಿಯ ಕಡೆಗೆ. ಬಾಯಿಯಿಂದ ಹೆಣೆದ ಕಾಲುಚೀಲದಲ್ಲಿ ಆರಂಭ ಮೇಲಿದೆ. ಯಂತ್ರದ ಸ್ಟಾಕಿಂಗ್ಸ್ ಕೂಡ ಸಾಮಾನ್ಯವಾಗಿ ಬಾಯಿಯಿಂದಲೇ ಆರಂಭವಾಗುತ್ತವೆ. ಆದ್ದರಿಂದ ಪಿನ್ನು ಹಾಕುವಾಗ ತೂತಿನ ಮೇಲಿನ ಕುಣಿಕೆಯನ್ನು ಮೊದಲು ಹುಡುಕಿ. ಬೆರಳಿನಿಂದ ಆರಂಭಿಸಿ ಹೆಣೆದದ್ದಾದರೆ ಕೆಳಗೆ ನೋಡಿ.

ಎಷ್ಟು ಕಡಿದರೂ ಎಳೆ ಬಿಡದಂಥ ಹೆಣಿಗೆ ಇಲ್ಲವೇ?

ಇದೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಮಾಡಿದ ಕಾಲುಚೀಲದ ಯಂತ್ರ ಕೈಯ ಹೆಣಿಗೆಯಂತೆ ಒಂದೇ ನೂಲನ್ನು ಅಡ್ಡಕ್ಕೆ ಓಡಿಸುತ್ತಿತ್ತು. ಇಂದಿನ ಕಾಲುಚೀಲದ ಯಂತ್ರಗಳ ಕ್ರಮವೂ ಮೂಲದಲ್ಲಿ ಅದೇ. ಇನ್ನೊಂದು ಬಗೆಯ ಯಂತ್ರದಲ್ಲಿ ಪ್ರತಿ ಕುಣಿಕೆಗೂ ಬೇರೆ ಬೇರೆ ನೂಲು ಉದ್ದಕ್ಕೆ ಬಂದು ಓರೆಯಾಗಿ ಪಕ್ಕದ ಸಾಲಿಗೆ ದಾಟುತ್ತದೆ. ಅಂಥ ಬಟ್ಟೆ ಸುಲಭವಾಗಿ ಎಳೆ ಬಿಡುವುದಿಲ್ಲ, ಆದರೆ ಅಷ್ಟು ಹಿಗ್ಗುವುದೂ ಇಲ್ಲ. ನಡುವಿನ ದಾರಿಯೆಂದರೆ ಅಲ್ಲಲ್ಲಿ ಒಂದು ಕುಣಿಕೆಯನ್ನು ಬಿಡದೆ ಹಿಡಿದಿಟ್ಟು ಮುಂದಿನ ಸಾಲಿನ ನೂಲಿನ ಜೊತೆಗೆ ಸೇರಿಸಿ ಹೆಣೆಯುವುದು. ಅಂಥ ಜಾಗದಲ್ಲಿ ಜಾರುವ ಕುಣಿಕೆ ತಡವರಿಸಿ ನಿಲ್ಲುತ್ತದೆ.

ಕೈಯಲ್ಲೂ ಇದನ್ನು ಮಾಡಬಹುದು. ತೋಟಕ್ಕೆ ಹೋಗುವವರಿಗಾಗಿ ನಾನು ಕಣಕಾಲಿನ ಸುತ್ತ ಎರಡು ಅಂಗುಲಕ್ಕೊಮ್ಮೆ ಇಂಥ ಒಂದು ಸಾಲು ಹಾಕುತ್ತೇನೆ. ನೋಡಲು ಸಣ್ಣ ಅಲೆಯಂತೆ ಕಾಣುತ್ತದೆ. ಕಳೆದ ಮಳೆಗಾಲದಲ್ಲಿ ಲಂಟಾನಕ್ಕೆ ಸಿಕ್ಕಿ ಹರಿದು ಬಂದ ಒಂದು ಜೊತೆಯಲ್ಲಿ ಎಳೆ ಒಂಬತ್ತು ಮೆಟ್ಟಿಲು ಏರಿ ಆ ಅಲೆಗೆ ತಾಗಿ ನಿಂತಿತ್ತು. ಕ್ರೋಶಾ ಕಡ್ಡಿ ಹಿಡಿದು ಕುಳಿತೆ, ಕಾಫಿ ಆರುವ ಮೊದಲೇ ಒಂಬತ್ತನ್ನೂ ಏರಿಸಿ ಮುಗಿಸಿದೆ.